ಅಂಗೈಯಲ್ಲಿ ಲಿಂಗ, ಹದಿನೆಂಟು ಸುತ್ತು

ಬೆಳಗಿನ ಐದೂವರೆ. ಕೊಡ್ಲಿಪೇಟೆ ಪಕ್ಕದ ಹಳ್ಳಿಯಲ್ಲಿ, ಟ್ಯಾಂಕಿನ ಬುಡದಲ್ಲಿ ನೀರುಗಂಟಿ ಪರಮೇಶಪ್ಪ ಹಣೆ ತುಂಬಾ ವಿಭೂತಿ ಹಚ್ಚಿಕೊಂಡು ನಿಂತಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಈ ಹೊತ್ತಿಗೆ ಅವರನ್ನು ನೋಡಲು ಬಂದವರಿಲ್ಲ. ನಲ್ಲಿಯಲ್ಲಿ ನೀರು ಬಂದರೆ ಬಿಟ್ಟವರು ಯಾರೆಂದು ಯಾರು ಕೇಳುತ್ತಾರೆ? ಬಾರದಿದ್ದರೆ ಮಾತ್ರ ಎಲ್ಲರಿಗೂ ಹೆಸರು ನೆನಪಾಗುತ್ತದೆ! ಇವತ್ತು ಪಂಚಾಯಿತಿ ಸದಸ್ಯ ನವೀನ್‌ಕುಮಾರ್ ಮಫ್ಲರ್ ಸುತ್ತಿಕೊಂಡು ಬಂದಿದ್ದಾರೆ. ಪರಮೇಶಪ್ಪ ತಾವೇ ವಾಲ್ವ್ ತಿರುಗಿಸಿದರೆ ಕೆಲಸ ಉಳಿಯುತ್ತದೆ, ಆಗದಿದ್ದರೆ ಸೋಮವಾರದಿಂದ ಬೇರೆಯವರು. ಊರಿಗೆ ನೀರು ನಿಲ್ಲಬಾರದಲ್ಲ, ಸದಸ್ಯರದೂ ತಪ್ಪಲ್ಲ.

ಇನ್ನೂರಹತ್ತು ಮನೆ, ನಾಲ್ಕು ವಾಲ್ವ್. ಒಂದೊಂದಕ್ಕೂ ಹದಿನೆಂಟು ಸುತ್ತು. ಉದ್ದನೆಯ ಕಬ್ಬಿಣದ ಕೀಲಿಗೆ ಎರಡೂ ಕೈ ಬೇಕೇ ಬೇಕು. ಕಳೆದ ಆಷಾಢದಲ್ಲಿ ಲಕ್ವ ಹೊಡೆದು ಪರಮೇಶಪ್ಪನವರ ಎಡಗೈ ಸ್ವಾಧೀನ ತಪ್ಪಿತು. ಅಂದಿನಿಂದ ಹೆಂಡತಿ ಕಾಂತಮ್ಮನೇ ಸೆರಗು ಬಿಗಿದು ನೀರು ಬಿಡುತ್ತಿದ್ದಾರೆ; ಆದರೆ ಕೆಲಸ ಇರುವುದು ಗಂಡನ ಹೆಸರಿನಲ್ಲಿ.

ಕೆಲಸದ ಚಿಂತೆಗಿಂತ ಮೊದಲು ಪರಮೇಶಪ್ಪನವರನ್ನು ಅಳಿಸಿದ್ದು ಪೂಜೆ. ಇಷ್ಟಲಿಂಗ ಕೂರುವುದು ಎಡ ಅಂಗೈಯಲ್ಲಿ. ಆಸ್ಪತ್ರೆಯಿಂದ ಬಂದ ದಿನ ಆ ಮುಷ್ಟಿ ಬಿಚ್ಚಲೇ ಇಲ್ಲ.

"ಬಲಗೈಲೇ ಇಟ್ಕಳಿ, ಶಿವ ಏನ್ ಬೇಜಾರ್ ಮಾಡ್ಕಳಲ್ಲ ಅಂದೆ," ಎನ್ನುತ್ತಾರೆ ಕಾಂತಮ್ಮ. "ಕೇಳ್ಬೇಕಲ್ಲ ಈ ಮಾರಾಯ್ರು!"

"ಅದು ಅವನ ಜಾಗ," ಎನ್ನುತ್ತಾರೆ ಪರಮೇಶಪ್ಪ. "ನನ್ಗೆ ನೋವಾಯ್ತದೆ ಅಂತ ಅವನ್ನ ಎಬ್ಬಿಸ್ಬಿಡದಾ?"

ದಿನಾ ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೊಣಕೈ ತೊಡೆಗೆ ಆನಿಸಿ ಲಿಂಗ ಇಟ್ಟರು. ಜಾರಿದರೆ ಹಿಡಿಯಲು ಕೆಳಗೆ ಕಾಂತಮ್ಮನ ಬೊಗಸೆ. ಮೊದಲ ದಿನ ಮೂರು ಸಲ 'ಓಂ ನಮಃ ಶಿವಾಯ' ಅನ್ನುವುದರೊಳಗೆ ಕೈ ಸೋತಿತು. ದೀಪಾವಳಿಗೆ ಐವತ್ತು. ಶಿವರಾತ್ರಿಗೆ ನೂರೆಂಟು, ಅಂದು ಕಾಂತಮ್ಮ ಬೊಗಸೆ ತೆಗೆದರು. ಡಾಕ್ಟರ್ ಹೇಳಿದ ವ್ಯಾಯಾಮವನ್ನೂ ಪರಮೇಶಪ್ಪ ಬಿಟ್ಟಿಲ್ಲ. "ಅದೂ ಅವನೇ ಹೇಳ್ಸಿದ್ದು," ಎಂದು ನಗುತ್ತಾರೆ.

ಈಗ ಕೀಲಿ ಹಿಡಿಯುತ್ತಾರೆ. ಸುತ್ತಿಗೊಂದು ಮಂತ್ರ. ಹನ್ನೊಂದನೆಯದಕ್ಕೆ ಎಡಗೈ ಜಾರಿಯೇ ಬಿಡುತ್ತದೆ. ಅಯ್ಯೋ ಎಂದು ನವೀನ್‌ಕುಮಾರ್ ಕೈ ಹಾಕಲು ಮುಂದೆ ಬರುತ್ತಾರೆ. ಕಾಂತಮ್ಮ ತಡೆಯುತ್ತಾರೆ: "ಇರಿ ಸಾರ್. ನಾನೇ ಬೊಗಸೆ ತೆಗ್ದಿದೀನಿ."

ಪರಮೇಶಪ್ಪ ಪೂಜೆಗೆ ಕೂತವರ ಹಾಗೆಯೇ ನಿಧಾನವಾಗಿ ಬೆರಳು ಬಿಡಿಸಿ, ಒಂದೊಂದನ್ನೇ ಕೀಲಿಯ ಮೇಲೆ ಕೂರಿಸಿ ಮತ್ತೆ ತಿರುಗಿಸುತ್ತಾರೆ. ಹದಿನೆಂಟಾಗುತ್ತದೆ. ಪೈಪಿನೊಳಗೆ ನೀರು ನುಗ್ಗುವ ಸದ್ದು ಕೇಳುತ್ತದೆ.

"ನೀವೇ ಇರಿ ಪರಮೇಶಣ್ಣ," ಎನ್ನುತ್ತಾರೆ ನವೀನ್‌ಕುಮಾರ್.

ಇನ್ನೇನು ಆಸೆ ಎಂದು ಕೇಳಿದರೆ ಪರಮೇಶಪ್ಪ ಅಂಗೈ ನೋಡಿಕೊಳ್ಳುತ್ತಾರೆ. "ಕಡೇ ದಿನ ಸಮಾಧೀಲಿ ಕೂರಿಸಿ ಈ ಕೈಗೇ ಲಿಂಗ ಇಡ್ತಾರಲ್ಲ, ಆಗ ಯಾರೂ ಬೆರಳು ಬಿಡಿಸೋ ಹಂಗಾಗ್ಬಾರ್ದು. ತಾನೇ ತೆರ್ಕಂಡಿರ್ಬೇಕು. ಅಷ್ಟೇ."

"ಕಡೇ ದಿನಕ್ಕೆ ಇನ್ನೂ ಟೈಮೈತೆ," ಎನ್ನುತ್ತಾರೆ ಕಾಂತಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಕೆಳಗೇರಿಯೋರು ಬಿಂದಿಗೆ ಹಿಡ್ಕಂಡು ನಿಂತವ್ರೆ, ನಡೀರಿ."