ಲುಬಾನ್ ಊರಿನ ಕರ್ಚೀಫು

ಆಗೆಲ್ಲ ಶುಕ್ರವಾರ ಮಧ್ಯಾಹ್ನ ಬಂತೆಂದರೆ ನನಗೆ ಹೊಟ್ಟೆ ಉರಿಯಲು ಶುರುವಾಗುತ್ತಿತ್ತು. ಅಪ್ಪನಿಗೆ ಜರ್ಮನಿಯಲ್ಲಿ ಕೆಲಸ ಮಾಡುವ ಬ್ಲೂ ಕಾರ್ಡ್ ಸಿಕ್ಕಿ ನಾವು ಉಡುಪಿಯಿಂದ ಡ್ರೆಸ್ಡೆನ್‌ಗೆ ಬಂದು ಎರಡು ವರ್ಷವಾಗಿತ್ತು, ನನಗೆ ಒಂಬತ್ತು. ಕೆಳಗಿನ ಮಹಡಿಯ ಕಾಶ್ಯಾ ಪೋಲೆಂಡಿನವಳು, ನನ್ನದೇ ಕ್ಲಾಸು. ಶುಕ್ರವಾರ ನಾಲ್ಕು ಗಂಟೆಗೆ ಅವಳಪ್ಪ ಕಾರಿನ ಡಿಕ್ಕಿ ತೆಗೆಯುತ್ತಿದ್ದರು, ಅವಳಮ್ಮ ಖಾಲಿ ಬಾಟಲಿಗಳ ಬುಟ್ಟಿ ಇಡುತ್ತಿದ್ದರು, ಕಾಶ್ಯಾ ಹಿಂದಿನ ಸೀಟಿನಿಂದ ನನಗೆ ಕೈ ಬೀಸುತ್ತಿದ್ದಳು. ಊರಿಗೆ! ವಾರವಾರವೂ ಊರಿಗೆ! ಒಂದೂವರೆ ಗಂಟೆಯಲ್ಲಿ ಅಜ್ಜಿ ಮನೆ. ಭಾನುವಾರ ಸಂಜೆ ಅದೇ ಬಾಟಲಿಗಳಲ್ಲಿ ಜಾಮು, ಸೌತೆಕಾಯಿ ಉಪ್ಪಿನಕಾಯಿ ತುಂಬಿಕೊಂಡು ವಾಪಸು.

ನಮ್ಮ ಊರೋ, ಎರಡು ವರ್ಷಕ್ಕೊಮ್ಮೆ. ಕಪಾಟಿನ ಮೇಲಿನ ಸೂಟ್‌ಕೇಸು ಇಳಿಸಿ, ತೂಗಿ, ತೆಗೆದು, ಮತ್ತೆ ತೂಗಿ ಹೊರಡಬೇಕು. ಉಳಿದ ದಿನ ಆ ಸೂಟ್‌ಕೇಸು ಅಲ್ಲೇ ಮೇಲೆ ಕೂತು ನನ್ನನ್ನು ಅಣಕಿಸುತ್ತಿತ್ತು.

"ಅಮ್ಮಾ, ನಾವ್ಯಾಕೆ ಪ್ರತಿ ವಾರ ಊರಿಗೆ ಹೋಗುದಿಲ್ಲ?"

"ಎಂಥ ಮಾರಾಯ್ತಿ, ಉಡುಪಿ ಎಂತ ಟ್ರಾಮ್ ಸ್ಟಾಪಿನ ಹತ್ರ ಉಂಟಾ? ಸುಮ್ನೆ ಊಟ ಮಾಡು."

ಆ ಏಪ್ರಿಲಿನಲ್ಲಿ ನಮ್ಮ ಟೀಚರು ಎಲ್ಲರಿಗೂ ಒಂದೊಂದು ರೆಫೆರಾಟ್ ಕೊಟ್ಟರು. ಅಂದರೆ ಕ್ಲಾಸಿನ ಮುಂದೆ ನಿಂತು ಹತ್ತು ನಿಮಿಷ ಮಾತಾಡುವುದು. ವಿಷಯ, ನಿಮ್ಮ ಅಜ್ಜ ಅಜ್ಜಿಯ ಊರು. ಅದರ ನದಿ ಯಾವುದು, ಗುಡ್ಡ ಯಾವುದು, ಹಿಂದೆ ಏನಾಗಿತ್ತು ಎಂದು ಹೇಳಬೇಕು. ಆ ಊರಿನ ಒಂದು ವಸ್ತುವನ್ನೂ ತಂದು ತೋರಿಸಬೇಕು. ಕಾಶ್ಯಾ ಕುಣಿದಾಡಿದಳು. "ಈ ಶುಕ್ರವಾರ ನೀನೂ ಬಾ, ಸಿಂಚನಾ! ನಮ್ಮೂರು ತೋರಿಸ್ತೇನೆ." ಹೊಟ್ಟೆಕಿಚ್ಚು ಎಷ್ಟಿದ್ದರೂ ನಾನು ಬರುವುದಿಲ್ಲ ಅನ್ನಲಿಲ್ಲ.

ಗ್ಯೋರ್ಲಿಟ್ಸ್ ಹತ್ತಿರ ನೈಸೆ ನದಿ ದಾಟಿದೆವು. ಸೇತುವೆಯ ಈಚೆ ಜರ್ಮನಿ, ಆಚೆ ಪೋಲೆಂಡ್. ಯಾರೂ ತಡೆಯಲಿಲ್ಲ, ಪಾಸ್‌ಪೋರ್ಟ್ ಕೇಳಲಿಲ್ಲ. ನನಗೆ ಅದಕ್ಕೂ ಉರಿಯಿತು. ಇನ್ನೂ ಅರ್ಧ ಗಂಟೆ ಹಳದಿ ಸಾಸಿವೆಯಂಥ ಹೂವಿನ ಹೊಲಗಳ ನಡುವೆ ಹೋದರೆ ಲುಬಾನ್. ಅಂಗೈಯಗಲದ ಊರು. ಅರ್ಧ ಬಿದ್ದ ಕೋಟೆಗೋಡೆ, ದುಂಡು ಗೋಪುರ, ಕ್ವೀಸಾ ಎಂಬ ಪುಟ್ಟ ನದಿ. ಊರ ಪಕ್ಕದಲ್ಲೇ ಕಪ್ಪು ಕಲ್ಲಿನ ಗುಡ್ಡ, ಒಂದು ಕಾಲದಲ್ಲಿ ಜ್ವಾಲಾಮುಖಿಯಾಗಿತ್ತಂತೆ. ಶನಿವಾರ ಬೆಳಿಗ್ಗೆಯೆಲ್ಲ ಆ ಗುಡ್ಡದಲ್ಲಿ ಆಡಿದೆವು. ಕಾಲಿಗೆ ಎಲಾಸ್ಟಿಕ್ ಸಿಕ್ಕಿಸಿಕೊಂಡು ಜಿಗಿಯುವ ಆಟ. ಅದರಲ್ಲೂ ಅವಳೇ ಗೆದ್ದಳು.

"ಅರ್ಧ ಪ್ರಪಂಚದ ಮೂಗು ಒರೆಸಿದ ಊರು ನಮ್ದು," ಎಂದಳು ಜಂಬದಿಂದ. ಹಿಂದೆ ಅಲ್ಲಿ ಕರ್ಚೀಫು ನೇಯುವ ಕಾರ್ಖಾನೆಗಳು ಸಾಲುಸಾಲಾಗಿದ್ದವಂತೆ, ಹಡಗುಗಟ್ಟಲೆ ಕರ್ಚೀಫು ಹೊರದೇಶಗಳಿಗೆ ಹೋಗುತ್ತಿತ್ತಂತೆ.

ಮಧ್ಯಾಹ್ನ ಅವಳ ಅಜ್ಜಿ ಹುಳಿ ಸೊಪ್ಪಿನ ಸೂಪು ಬಡಿಸಿದರು. ಥೇಟ್ ನಮ್ಮ ತಂಬುಳಿ, ಬಿಸಿ ಮಾಡಿದ್ದು ಅಷ್ಟೆ. ಎಲ್ಲರೂ ಅವರನ್ನು ಬಾಬ್ಚಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎರಡು ಬಟ್ಟಲು ಕುಡಿದ ಮೇಲೆ, ನಮ್ಮ ಕಡೆ ಯಾರ ಮನೆಗೆ ಹೋದರೂ ಕೇಳುವ ಪ್ರಶ್ನೆಯನ್ನು ನಾನು ಕೇಳಿಬಿಟ್ಟೆ. "ಬಾಬ್ಚಾ, ನಿಮ್ಮ ಊರು ಯಾವುದು?"

ಕಾಶ್ಯಾ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಬಾಬ್ಚಾ ಸೂಪಿನ ಸೌಟು ಕೆಳಗಿಟ್ಟರು. ಆಮೇಲೆ ಎದ್ದು ಕಪಾಟಿನ ಕೆಳಗಿನ ಡ್ರಾಯರು ಎಳೆದರು. ಒಳಗೆ ಮಡಿಸಿಟ್ಟ ಬಿಳಿ ಕರ್ಚೀಫುಗಳು, ಒಂದೊಂದರ ಮೂಲೆಯಲ್ಲೂ ಹೊಲಿದ ಎರಡು ಅಕ್ಷರ.

ಬಾಬ್ಚಾ ಹೇಳುತ್ತಾ ಹೋದರು, ಕಾಶ್ಯಾ ನನಗೆ ಜರ್ಮನ್‌ನಲ್ಲಿ ಹೇಳಿದಳು. "ಎರಡನೇ ಮಹಾಯುದ್ಧ ಮುಗಿದಾಗ ನಂಗೆ ಆರು ವರ್ಷ. ನಮ್ಮ ಹಳ್ಳಿ ಪೂರ್ವದಲ್ಲಿತ್ತು, ಈಗ ಅದು ಉಕ್ರೇನಿಗೆ ಸೇರಿದೆ. ನಮ್ಮನ್ನ ಗೂಡ್ಸ್ ರೈಲಿಗೆ ಹತ್ತಿಸಿ ಇಲ್ಲಿ ಇಳಿಸಿದ್ರು. ಅಲ್ಲಿವರೆಗೆ ಜರ್ಮನಿಯದಾಗಿದ್ದ ಈ ಊರು ಪೋಲೆಂಡಿಗೆ ಸೇರಿತ್ತು, ಇಲ್ಲಿದ್ದ ಜರ್ಮನ್ನರನ್ನ ನದಿಯಾಚೆ ಕಳಿಸಿದ್ರು. ಈ ಮನೆಗೆ ಬಂದಾಗ ಒಲೆ ಮೇಲೆ ಪಾತ್ರೆ ಹಾಗೇ ಇತ್ತು, ಡ್ರಾಯರಲ್ಲಿ ಇವು. ಇವತ್ತೋ ನಾಳೆಯೋ ಈ ಮನೆಯ ಜರ್ಮನ್ ಹೆಂಗಸು ವಾಪಸು ಬರ್ತಾಳೆ ಅಂತ ನಮ್ಮಮ್ಮ ಎಷ್ಟೋ ವರ್ಷ ಪೆಟ್ಟಿಗೆ ಬಿಚ್ಚಲೇ ಇಲ್ಲ. ಈ ಕರ್ಚೀಫಿನಲ್ಲಿ ನಾವ್ಯಾರೂ ಒಂದು ಸಲವೂ ಮೂಗು ಒರೆಸಿಲ್ಲ. ಒಗೆದು, ಇಸ್ತ್ರಿ ಮಾಡಿ, ಇಟ್ಟಿದ್ದೀವಿ."

ಕೊನೆಗೆ ಕಾಶ್ಯಾ ತಗ್ಗಿದ ದನಿಯಲ್ಲಿ ತನ್ನದೂ ಒಂದು ಮಾತು ಸೇರಿಸಿದಳು. "ಇದನ್ನ ಹೊರಗಿನವರಿಗೆ ಹೇಳುವುದಿಲ್ಲ. ನೀನು ಹೊರಗಿನವಳಲ್ಲ ಅಂತ ಬಾಬ್ಚಾ ಹೇಳಿದ್ರು."

ನನಗೆ ಅಳು ಬರಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಹಾಗಾದರೆ ಇದು ಇವಳ ಊರೂ ಅಲ್ಲ! ಭಾನುವಾರ ಕಾರಿನಲ್ಲಿ ವಾಪಸು ಬರುವಾಗ ಆ ಖುಷಿಯನ್ನು ಬಾಯಲ್ಲಿ ಪೆಪ್ಪರಮಿಂಟಿನ ಹಾಗೆ ಚೀಪುತ್ತಾ ಬಂದೆ.

ಮುಂದಿನ ಶುಕ್ರವಾರ ರೆಫೆರಾಟ್. ಮೊದಲು ನನ್ನದು. ಅಮ್ಮ ಕೊಟ್ಟ ಹಿತ್ತಾಳೆ ದೀಪ ಹಿಡಿದು ಉಡುಪಿಯ ಸಮುದ್ರದ ಬಗ್ಗೆ ನಾಲ್ಕು ಮಾತಾಡಿದೆ. "ಅಲ್ಲಿನ ನದಿಯ ಹೆಸರೇನು?" ಎಂದರು ಟೀಚರು, ಪ್ರೀತಿಯಿಂದಲೇ. ನೆನಪಾಗಲಿಲ್ಲ. ಹಿಂದಿನ ರಾತ್ರಿ ಅಪ್ಪ ಮೂರು ಸಲ ಹೇಳಿಕೊಟ್ಟಿದ್ದರು, ಆದರೂ ನೆನಪಾಗಲಿಲ್ಲ. "ತನ್ನ ಊರಿನ ನದಿಯೇ ಗೊತ್ತಿಲ್ಲ," ಎಂದು ಯಾರೋ ನಕ್ಕರು. ಕಿವಿ ಬಿಸಿಯಾಗಿ ಹೋಗಿ ಕೂತೆ.

ಆಮೇಲೆ ಕಾಶ್ಯಾ. ಕ್ವೀಸಾ ನದಿ ಎಲ್ಲಿ ಹುಟ್ಟುತ್ತದೆ, ಗುಡ್ಡ ಹೇಗಾಯಿತು, ಹಿಂದೆ ಲುಬಾನ್ ಸೇರಿ ಆರು ಪಟ್ಟಣಗಳು ಕಳ್ಳರ ಕಾಟಕ್ಕೆ ಹೇಗೆ ಒಂದಾದವು, ಎಲ್ಲವೂ ನೀರು ಕುಡಿದಷ್ಟು ಸಲೀಸು. ಕೊನೆಗೆ ಆ ಡ್ರಾಯರಿನದೊಂದು ಕರ್ಚೀಫು ಎತ್ತಿ ಹಿಡಿದಳು. "ಇದು ನಮ್ಮೂರಿನದು, ನಮ್ಮ ಅಜ್ಜಿ ಮನೆಯದು."

ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಕೈ ತಾನಾಗಿ ಮೇಲೆ ಹೋಯಿತು.

"ಅದು ಅವರದಲ್ಲ. ಅದರ ಮೇಲಿನ ಅಕ್ಷರ ನೋಡಿ, ಬೇರೆಯವರ ಹೆಸರು. ಮನೆಯೂ ಅವರದಲ್ಲ, ಊರೂ ಅವರದಲ್ಲ. ಅವಳಜ್ಜಿಯೇ ನಂಗೆ ಹೇಳಿದ್ರು."

"ಹಾಗಾದ್ರೆ ವಾಪಸು ಕೊಡ್ಲಿ," ಎಂಬ ಮಾತು ಹಿಂದಿನ ಬೆಂಚಿನಿಂದ ಬಂತು. ಟೀಚರು ಗದರಿದರು, ಗಡಿಗಳ ಬಗ್ಗೆ, ಯುದ್ಧದ ಬಗ್ಗೆ ಏನೇನೋ ವಿವರಿಸಿದರು. ಕಾಶ್ಯಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಕರ್ಚೀಫನ್ನು ಬಾಬ್ಚಾ ಮಡಿಸಿದ್ದ ಗೆರೆಗಳ ಮೇಲೇ ಮಡಿಸಿ ಚೀಲದಲ್ಲಿಟ್ಟಳು. ಬಿಡುವಿನಲ್ಲಿ ನನ್ನ ಡೆಸ್ಕಿನ ಮೇಲೆ ಒಂದು ಕಾಗದದ ಪೊಟ್ಟಣ ಇಟ್ಟಳು.

"ಬಾಬ್ಚಾ ಹೊಲಿದದ್ದು. ಕಳೆದ ವಾರವೇ ಕೊಟ್ಟಿದ್ರು, ರೆಫೆರಾಟ್ ಮುಗಿದ ಮೇಲೆ ಕೊಡುವಾ ಅಂತ ಇಟ್ಟಿದ್ದೆ."

ಹೊಸ ಬಿಳಿ ಕರ್ಚೀಫು. ಮೂಲೆಯಲ್ಲಿ ನೀಲಿ ನೂಲಿನ ಒಂದು ಅಕ್ಷರ, ನನ್ನ ಹೆಸರಿನದು.

ಮನೆಗೆ ಬಂದು ಅಮ್ಮನ ಮುಂದೆ ಎಲ್ಲ ಒದರಿದೆ. ಅಮ್ಮ ಹೊಡೆಯಲಿಲ್ಲ, ಹೊಡೆದಿದ್ದರೆ ವಾಸಿಯಿತ್ತು. "ಎಂಥ ಹೊಟ್ಟೆಕಿಚ್ಚು ಮಗಳೇ ನಿಂಗೆ? ಆ ಮುದುಕಿ ಒಳಗಿದ್ದದ್ದನ್ನ ನಿನ್ನ ಹತ್ರ ಹೇಳಿದ್ರು. ಹೋಗು, ಈಗಲೇ ಹೋಗಿ ತಪ್ಪಾಯ್ತು ಅನ್ನು." ಓಡಿ ಇಳಿದೆ. ನಾಲ್ಕು ದಾಟಿತ್ತು. ಕಾರು ಹೊರಟುಹೋಗಿತ್ತು.

ಸೋಮವಾರ ತಪ್ಪಾಯ್ತು ಅಂದೆ. "ಸರಿ," ಎಂದಳು, ಅಷ್ಟೇ. ಶುಕ್ರವಾರ ಕಿಟಕಿಯಲ್ಲಿ ನಿಂತೆ. ಅವಳು ಕಾರು ಹತ್ತುವಾಗ ತಲೆಯೆತ್ತಲಿಲ್ಲ. ಆ ಬೇಸಿಗೆಯಲ್ಲೇ ಅಪ್ಪನಿಗೆ ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ಕೆಲಸ ಸಿಕ್ಕಿತು. ಸೂಟ್‌ಕೇಸು ಇಳಿಯಿತು, ಮ್ಯೂನಿಕ್‌ಗೆ ಬಂದೆವು.

ಈಗ ನನ್ನ ಪಾಸ್‌ಪೋರ್ಟೂ ಇಲ್ಲಿನದೇ. ಯಾವ ಸೇತುವೆಯ ಮೇಲೂ ನನ್ನನ್ನು ಯಾರೂ ತಡೆಯುವುದಿಲ್ಲ, ಆದರೂ ಆ ಸೇತುವೆ ಮತ್ತೆ ದಾಟಿಲ್ಲ. ಉಡುಪಿಯ ನದಿ ಸ್ವರ್ಣಾ, ಈಗ ಚೆನ್ನಾಗಿ ಗೊತ್ತು. ಆದರೂ ಯಾರಾದರೂ ನಿನ್ನ ಊರಿನ ನದಿ ಯಾವುದು ಎಂದು ಕೇಳಿದರೆ ಬಾಯಿಗೆ ಮೊದಲು ಬರುವುದು ಕ್ವೀಸಾ. ನಾನು ಹೊರಗಿನವಳಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೊಂದೇ ಊರಿನಲ್ಲಿ. ಶುಕ್ರವಾರ ನಾಲ್ಕು ಗಂಟೆಗೆ ಈಗಲೂ ಹೊಟ್ಟೆ ಉರಿಯುತ್ತದೆ, ಆ ಹಿಂದಿನ ಸೀಟಿನಲ್ಲಿ ಕಾಶ್ಯಾಳ ಪಕ್ಕ ಯಾರು ಕೂತು ಹೋದರೋ ಎಂದು.

ಬಾಬ್ಚಾ ಕೊಟ್ಟ ಕರ್ಚೀಫು ನನ್ನ ಡ್ರಾಯರಿನಲ್ಲಿದೆ. ಅದರ ಮೇಲಿರುವುದು ನನ್ನದೇ ಅಕ್ಷರ. ಒಗೆಯುತ್ತೇನೆ, ಇಸ್ತ್ರಿ ಮಾಡುತ್ತೇನೆ, ಮಡಿಸಿ ಇಡುತ್ತೇನೆ. ಒಂದು ಸಲವೂ ಮೂಗು ಒರೆಸಿಲ್ಲ.