ಹದ್ದು ಹಾರಿದ ದಿಕ್ಕು

ಹೌನ್ಸ್ಲೋ ಬಳಿಯ ಆಸ್ಪತ್ರೆಯೊಳಗೆ ಭಾವನಿಗೆ ಹೃದಯದ ಆಪರೇಷನ್ ನಡೆಯುತ್ತಿತ್ತು. ಎದುರಿನ ಚಹಾದಂಗಡಿಯ ಮುಂದೆ ಅಕ್ಕ ಪೂರ್ವಕ್ಕೆ ಮುಖಮಾಡಿ ಕೈಮುಗಿದು ನಿಂತಿದ್ದಳು. ಹದ್ದೊಂದು ಈಶಾನ್ಯದತ್ತ ಹಾರಿಹೋಯಿತು.

"ಎಡಕ್ಕೆ ಹೋಯ್ತಲ್ಲೋ, ಅಪಶಕುನ," ಎಂದು ಅಕ್ಕ ಕುಸಿದು ಕುಳಿತಳು.

ಅಂಗಡಿ ನಡೆಸುವ ಗ್ರೀಕ್ ಮುದುಕರೊಬ್ಬರು ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿದೆ.

"ನಮ್ಮ ಹಳೇ ಕಾಲದವರು ಉತ್ತರಕ್ಕೆ ಮುಖಮಾಡಿ ಹಕ್ಕಿಶಕುನ ನೋಡ್ತಿದ್ರು. ಹಾಗೆ ನಿಂತರೆ ಈಶಾನ್ಯ ಬಲಕ್ಕೆ ಬರುತ್ತೆ. ಬಲ ಶುಭ," ಎಂದರು ಮುದುಕರು.

"ನೀವು ನಂಬ್ತೀರಾ?" ಅಕ್ಕ ಕೇಳಿದಳು.

"ನನ್ನ ಹೆಂಡತಿ ಇದೇ ಆಸ್ಪತ್ರೇಲಿದ್ದಾಗ ನಾನೂ ನೋಡಿದೆ. ಮೊದಲು ಹಕ್ಕಿ ಹಾರಲಿ ಅಂತ ಕಾದೆ. ಆಮೇಲೆ ಯಾವ ಕಡೆ ತಿರುಗಬೇಕೋ ಆ ಕಡೆ ತಿರುಗಿದೆ."

ಅಂಗಡಿಯೊಳಗೆ ಅವರ ಹೆಂಡತಿ ಬನ್ನಿಗೆ ಬೆಣ್ಣೆ ಹಚ್ಚುತ್ತಿದ್ದರು. ಅಕ್ಕ ಆಕೆಯನ್ನೇ ನೋಡುತ್ತ ಎದ್ದಳು, ಉತ್ತರಕ್ಕೆ ತಿರುಗಿ ನಿಂತಳು.