ಬೂಷ್ಟು ಹಿಡಿದದ್ದು ದುರ್ಬೀನಿಗಲ್ಲ

“ಈಗ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಮಾತ್ರ ನೋಡು” ಎಂದರು ಶೆಟ್ಟಿ ಅಂಕಲ್. ಐರೋಲಿಯ ಹಿನ್ನೀರ ಖಾಡಿಯ ದಂಡೆಯಲ್ಲಿ ನಿಂತು ಫ್ಲೆಮಿಂಗೊಗಳ ಸಾಲಿನತ್ತ ನನ್ನ ದುರ್ಬೀನು ಹಿಡಿದೆ. ಮೇಲಿನ ಅರ್ಧ ಮಸಿ ಬಳಿದಂತೆ ಕಪ್ಪಾಗಿತ್ತು.

“ಹೇಳಿದೆನಲ್ಲ ಅಂಕಲ್, ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬಂದಿದೆ” ಎಂದೆ. ಎರಡು ಸಾವಿರ ರೂಪಾಯಿಯ ಅದನ್ನು ಬಿಟ್ಟು ಹದಿನೆಂಟು ಸಾವಿರದ್ದು ಕೊಳ್ಳಲೇ ಎಂದು ಕೇಳುವುದಕ್ಕೇ ಆ ಭಾನುವಾರ ಅವರ ಜತೆ ಹೋಗಿದ್ದೆ. ತುರ್ಭೆಯಲ್ಲಿ ಹೋಟೆಲ್ ನಡೆಸುವ ಅವರು ಬಹಳ ವರ್ಷಗಳಿಂದ ಹಕ್ಕಿ ನೋಡುವವರು.

“ಅಷ್ಟು ದುಡ್ಡಿಗೆ ಹಕ್ಕಿಯೇ ಮನೆಗೆ ಬಂದು ಚಾ ಕುಡಿದು ಹೋದೀತು” ಎಂದು ನಗುತ್ತ ತಮ್ಮ ದುರ್ಬೀನು ಕೊಟ್ಟರು. ಅದರಲ್ಲೂ ಬಲಗಣ್ಣಿಗೆ ಅದೇ ಕಪ್ಪು. ಅದನ್ನು ಕೆಳಗಿಳಿಸಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೇ ಅವರತ್ತ ತಿರುಗಿದೆ. ಅವರ ಬಾಯಿ ಕಂಡಿತು, ಮೀಸೆ ಕಂಡಿತು. ಅದರ ಮೇಲೆ ಕಣ್ಣೂ ಇರಲಿಲ್ಲ, ಹಣೆಯೂ ಇರಲಿಲ್ಲ.

ಕಂಡದ್ದನ್ನು ಹಾಗೆಯೇ ಹೇಳಿದೆ. ಅವರ ನಗು ನಿಂತಿತು. “ದುರ್ಬೀನಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ. ನಡಿ, ಈಗಲೇ ಕಣ್ಣಿನ ಡಾಕ್ಟ್ರ ಹತ್ರ ಹೋಗುವ.”

ಬಲಗಣ್ಣಿನ ಅಕ್ಷಿಪಟಲ, ಅಂದರೆ ಒಳಗಿನ ರೆಟಿನಾ ಪರದೆ, ಕಳಚಿಕೊಳ್ಳುತ್ತಿತ್ತು. ಶಸ್ತ್ರಚಿಕಿತ್ಸೆಯಾಗಿ ಕಣ್ಣು ಉಳಿಯಿತು. ಆದರೆ ಎಷ್ಟು ದಿನದಿಂದ ಹೀಗಿತ್ತು ಎಂಬುದು ನನಗೇ ಗೊತ್ತಿರಲಿಲ್ಲ. ಅರ್ಧ ಲೋಕ ಮರೆಯಾದರೂ ಇನ್ನೊಂದು ಕಣ್ಣು ಅದನ್ನು ನನಗೆ ತಿಳಿಯಗೊಟ್ಟಿರಲಿಲ್ಲ. ಈಗ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುವಾಗ ದಿನವೂ ಒಂದೊಂದೇ ಕಣ್ಣು ಮುಚ್ಚಿ ಇಂಡಿಕೇಟರ್ ಫಲಕ ಓದುತ್ತೇನೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.